ಅಣ್ಣನ ಉಸಿರಿಗೆ ಮೂರು ಅವಕಾಶ

ಆ ದಿನ ಅಣ್ಣ ಬಸ್ಸಿಗೆ ಓಡಲಿಲ್ಲ.

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಿಂದ ಹನೂರಿನ ಬಸ್ಸು ಹೊರಟಿತ್ತು. ತರಕಾರಿ ತರಬೇಕಿತ್ತೆಂದು ನಾನೂ ಅವನ ಜೊತೆ ಅಲ್ಲಿಯವರೆಗೆ ಬಂದಿದ್ದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವನು ಆ ಬಸ್ಸು ಹತ್ತಿದ್ದು ಓಡಿಯೇ. ಬಸ್ಸು ನಿಂತಿದ್ದರೂ ಓಡಿಕೊಂಡೇ ಹತ್ತುತ್ತಿದ್ದ. ಅವತ್ತು ನಿಂತುಬಿಟ್ಟ. ಕಂಬವೊಂದನ್ನು ಹಿಡಿದುಕೊಂಡ. ಎರಡು ಸಲ ಒಣಕೆಮ್ಮು ಕೆಮ್ಮಿದ. ಆಮೇಲೆ ನನ್ನ ಕಡೆ ನೋಡದೆ, "ಇನ್ನೊಂದು ಬತ್ತದೆ ಬುಡು" ಅಂದ.

ಹನೂರಿಗೆ ಇನ್ನೊಂದು ಬಸ್ಸು ಬರುತ್ತದೆ ಅನ್ನುವ ವಿಷಯ ನಮ್ಮಣ್ಣನಿಗೆ ಗೊತ್ತಿತ್ತು ಅನ್ನುವುದೇ ನನಗೆ ಹೊಸ ಸಮಾಚಾರ. ನಗಾಡಿಕೊಂಡು ಮನೆಗೆ ಬಂದೆ. ಮಗ್ಗದಲ್ಲಿ ಕೂತ ಮೇಲೆ ಯಾಕೋ ಕೈ ಓಡಲಿಲ್ಲ.

ಅಣ್ಣ ಅಂದರೆ ಸಿದ್ದರಾಜು ಮೇಷ್ಟ್ರು. ಹನೂರಿನ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದ. ರಿಟೈರಾಗಿ ಐದು ವರ್ಷವಾದರೂ ಬೆಳಗಿನ ಬಸ್ಸಿಗೆ ಹೋಗಿ ಹೆಣ್ಣುಮಕ್ಕಳಿಗೆ ಕಬಡ್ಡಿ ಹೇಳಿಕೊಡುವುದನ್ನು ಬಿಟ್ಟಿರಲಿಲ್ಲ. ಮದುವೆಯಾಗಲಿಲ್ಲ. ಕೇಳಿದವರಿಗೆಲ್ಲ ಟೂರ್ನಮೆಂಟು ಮುಗಿಯಲಿ ಅನ್ನುತ್ತಿದ್ದ, ಅದು ಮುಗಿಯಲೇ ಇಲ್ಲ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ತವರಿಗೆ ವಾಪಸ್ಸು ಬಂದೆ. ನೇಕಾರರ ಬೀದಿಯ ಆ ಮನೆಯಲ್ಲಿ ಒಂದು ಕಡೆ ನನ್ನ ರೇಷ್ಮೆ ಮಗ್ಗ, ಇನ್ನೊಂದು ಕಡೆ ಅವನ ಶೂಗಳು, ಹಗ್ಗಗಳು, ಬೈನಾಕ್ಯುಲರ್. ಬೇಸಿಗೆ ರಜೆ ಬಂತೆಂದರೆ ಮಕ್ಕಳನ್ನು ಗುಂಪು ಕಟ್ಟಿಕೊಂಡು ಯಳಂದೂರು ಕಡೆಯಿಂದ ಕಾಡಿಗೆ ಹೋಗುತ್ತಿದ್ದ. ನಾನು ಒಂದು ಸಲವೂ ಹೋದವಳಲ್ಲ. ನಮ್ಮ ಮನೆಯ ಮೆಟ್ಟಿಲು ಹತ್ತಿದರೇ ನನಗೆ ಬೆಟ್ಟ.

ಅವನ ಉಸಿರಿನ ವಿಷಯ ಒಂದು ಮಾತು ಹೇಳಬೇಕು. ನಾವು ಚಿಕ್ಕವರಾಗಿದ್ದಾಗ ಸತ್ತೇಗಾಲದ ಹತ್ತಿರ ಕಾವೇರಿಯಲ್ಲಿ ಅವನು ಮುಳುಗು ಹಾಕಿದರೆ ದಡದಲ್ಲಿ ನಾನು ಎಣಿಸುತ್ತಾ ಕೂರುತ್ತಿದ್ದೆ. ಐವತ್ತಾಗುವ ಹೊತ್ತಿಗೆ ಎಣಿಕೆ ಬಿಟ್ಟು ಅಳಲು ಶುರುಮಾಡುತ್ತಿದ್ದೆ. ನಾನು ಅಳುವುದನ್ನು ಕೇಳಿಯೇ ಅವನು ಮೇಲೆ ಬರುತ್ತಿದ್ದನೇನೋ. ಒಬ್ಬ ಮನುಷ್ಯನ ಎದೆಯೊಳಗೆ ಅಷ್ಟು ಗಾಳಿ ಹೇಗೆ ಹಿಡಿಯುತ್ತದೆ ಎಂದು ಆಗ ಬೆರಗಾಗಿದ್ದೆ. ಅರವತ್ತರ ಹತ್ತಿರ ಬಂದರೂ ಆ ಬೆರಗು ನನಗೆ ಹೋಗಿರಲಿಲ್ಲ.

ಕೆಮ್ಮು ಎರಡು ತಿಂಗಳಾದರೂ ನಿಲ್ಲಲಿಲ್ಲ. ಬೆರಳ ತುದಿಗಳು ಉಬ್ಬಿದಂತೆ ಕಂಡವು. ಮೈಸೂರಿನ ಆಸ್ಪತ್ರೆಯೊಂದಕ್ಕೆ ಎಳೆದುಕೊಂಡು ಹೋದೆ. ಸ್ಕ್ಯಾನ್ ಮಾಡಿಸಿದರು. ಎದೆಯ ಡಾಕ್ಟರು ಒಬ್ಬ ಹೆಂಗಸು, ನನಗಿಂತ ಬಹಳ ಚಿಕ್ಕವರು. ಐಎಲ್‌ಡಿ ಅಂದರು. ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ. ಗಟ್ಟಿಯಾದ ಭಾಗ ಮತ್ತೆ ಮೆತ್ತಗಾಗುವುದಿಲ್ಲ. ಮಾತ್ರೆಯಿಂದ ಅದರ ಓಟ ಸ್ವಲ್ಪ ಕಡಿಮೆ ಮಾಡಬಹುದು, ಅಷ್ಟೇ. ಸ್ಕ್ರೀನಿನಲ್ಲಿ ತೂತುತೂತಾಗಿ ಕಾಣುತ್ತಿದ್ದ ಜಾಗ ತೋರಿಸಿ, ಇದಕ್ಕೆ ಹನಿಕೋಂಬಿಂಗ್ ಅಂತೀವಿ, ಜೇನುಗೂಡಿನ ಹಾಗೆ, ಅಂದರು.

ಅಣ್ಣ ಬಗ್ಗಿ ನೋಡಿದ. "ಎಜ್ಜೇನೋ ತುಡುವೆಯೋ ಮೇಡಂ?" ಅಂದ.

ಡಾಕ್ಟರು ನಕ್ಕರು. ನಾನೂ ನಕ್ಕೆ. ಆಸ್ಪತ್ರೆಯಿಂದ ಹೊರಗೆ ಬಂದು ಕೊಂಡ ಎಳನೀರನ್ನು ಅವನು ಅರ್ಧಕ್ಕೇ ಕೆಳಗಿಟ್ಟ, ನಾನು ನೋಡಿಲ್ಲದವಳ ಹಾಗೆ ಇದ್ದೆ.

ಡಾಕ್ಟರು ಒಂದು ಕೆಲಸ ಒಪ್ಪಿಸಿದ್ದರು. ದಿನಕ್ಕೆ ಮೂರು ಸಲ ಆರು ನಿಮಿಷ ನಡೆಯಬೇಕು, ನಡೆದ ತಕ್ಷಣ ಬೆರಳಿಗೆ ಆಕ್ಸಿಮೀಟರ್ ಹಾಕಿ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆಯೋ ಆ ನಂಬರ್ ಬರೆದಿಡಬೇಕು, ಮೂರು ತಿಂಗಳು ಬಿಟ್ಟು ಆ ಪುಸ್ತಕ ತರಬೇಕು. ಅಣ್ಣನಿಗೆ ಇದು ಬಹಳ ಹಿಡಿಸಿತು. ಮಾರನೆಯ ದಿನವೇ ನಮ್ಮ ಬೀದಿಯಲ್ಲಿ ಸುಣ್ಣದ ಪುಡಿಯಿಂದ ಎರಡು ಗೆರೆ ಎಳೆದ. ನನ್ನ ಕೈಗೆ ಸ್ಟಾಪ್‌ವಾಚ್ ಕೊಟ್ಟ. ಬೀದಿಯ ಹೆಂಗಸರು ಮಗ್ಗ ಬಿಟ್ಟು ಬಾಗಿಲಿಗೆ ಬಂದು ನಿಂತರು. ಅವನು ಗೆರೆಯಿಂದ ಗೆರೆಗೆ ನಡೆದ. ನಡೆದ ಅನ್ನುವುದಕ್ಕಿಂತ ಸ್ಪರ್ಧೆಗಿಳಿದ.

ಮೊದಲ ಸಲ ಎಂಬತ್ತೆಂಟು ಬಂತು.

"ಫೌಲು" ಅಂದ. ಬೆರಳಿನಿಂದ ಕ್ಲಿಪ್ಪು ಕಿತ್ತು ಜೇಬಿಗೆ ಹಾಕಿಕೊಂಡ. ಮಧ್ಯಾಹ್ನ ನಡೆದಾಗ ತೊಂಬತ್ತು. ಸಂಜೆ ನಡೆದು ಬಂದು ಜಗಲಿಯ ಮೇಲೆ ಕೂತ, ತುಟಿ ಮುದುರಿ ನಿಧಾನವಾಗಿ ಉಸಿರು ಬಿಟ್ಟ, ಅಂಗೈ ಉಜ್ಜಿಕೊಂಡ, ಆಮೇಲೆ ಕ್ಲಿಪ್ಪು ಹಾಕಿದ. ತೊಂಬತ್ತೈದು. "ಇದ ಬರ್ಕೊ ಗಿರಿಜಾ" ಅಂದ.

ಉದ್ದ ಜಿಗಿತದಲ್ಲಿ ಮೂರು ಅವಕಾಶ ಕೊಟ್ಟು ಅದರಲ್ಲಿ ಒಳ್ಳೆಯದನ್ನು ಬರೆದುಕೊಳ್ಳುತ್ತಾರಂತೆ. ಗುಂಡೆಸೆತಕ್ಕೂ ಅಷ್ಟೇ. ಅವನ ಜೀವಮಾನದ ಲೆಕ್ಕ ಅದು. ಡಾಕ್ಟರು ಮೂರು ಸಲ ಅಂದದ್ದನ್ನು ಮೂರು ಅವಕಾಶ ಅಂದುಕೊಂಡಿದ್ದ. ನಾನು ಬರೆದೆ. ದಿನಕ್ಕೊಂದು ನಂಬರ್, ನನ್ನ ದುಂಡಗಿನ ಅಕ್ಷರದಲ್ಲಿ. ತೊಂಬತ್ತೈದು, ತೊಂಬತ್ತಾರು, ತೊಂಬತ್ತೈದು. ಬರೆದದ್ದನ್ನು ನೋಡಿ ನನಗೂ ಸಂತೋಷವಾಗುತ್ತಿತ್ತು. ಅಣ್ಣ ಸುಧಾರಿಸುತ್ತಿದ್ದಾನೆ ಎಂದು ಬೀದಿಗೆಲ್ಲ ಹೇಳಿದೆ.

ಮೂರು ತಿಂಗಳ ನಂತರ ಡಾಕ್ಟರು ಕಾರಿಡಾರಿನಲ್ಲಿ ನಡೆಸಿ ನೋಡೋಣ ಅಂದರು. ಅವನು ಪುಸ್ತಕ ಮುಂದಿಟ್ಟ. ಅವರು ಪುಟ ತಿರುವಿದರು, ದಿನಕ್ಕೊಂದೇ ನಂಬರ್ ಇರುವುದು ಅವರ ಕಣ್ಣಿಗೆ ಬೀಳಲಿಲ್ಲ, ಇಷ್ಟು ಶಿಸ್ತಾಗಿ ಯಾರೂ ಬರೆದು ತರುವುದಿಲ್ಲ ಎಂದು ನನ್ನನ್ನು ಹೊಗಳಿದರು. ಸ್ಕ್ಯಾನಿಗೂ ಈ ನಂಬರಿಗೂ ತಾಳೆಯಾಗುತ್ತಿಲ್ಲವಲ್ಲ ಅಂದರು. ಆಟಗಾರರ ಎದೆ, ಹಾಗಿರಬಹುದು ಎಂದು ತಾವೇ ಸಮಾಧಾನ ಮಾಡಿಕೊಂಡರು. ಕಾರಿಡಾರಿನಲ್ಲಿ ನಡೆಸುವುದನ್ನು ಕೈಬಿಟ್ಟು, ಸದ್ಯಕ್ಕೆ ಆಕ್ಸಿಜನ್ ಬೇಡ ಅಂದರು. ಬೇಸಿಗೆಯಲ್ಲಿ ಮಕ್ಕಳ ಜೊತೆ ಕಾಡಿಗೆ ಹೋಗಬಹುದಾ ಎಂದು ಅವನು ಕೇಳಿದ. ನಿಧಾನವಾಗಿ ಹೋಗಿ ಬನ್ನಿ ಅಂದರು.

ಆಗ ನನಗೆ ಅರ್ಥವಾಯಿತು, ಅವನು ಇಷ್ಟು ದಿನ ತಯಾರಿ ನಡೆಸಿದ್ದು ಈ ಒಂದು ಮಾತಿಗೆ ಎಂದು. ಅರ್ಥವಾಗಿಯೂ ನಾನು ಬಾಯಿ ಬಿಡಲಿಲ್ಲ.

ಹದಿನೈದು ದಿನಕ್ಕೆ ಹನೂರಿನ ಮೈದಾನದಿಂದ ಫೋನು ಬಂತು. ಹುಡುಗಿಯರಿಗೆ ರೇಡ್ ಮಾಡುವುದನ್ನು ತೋರಿಸಲು ಅವನೇ ಗೆರೆ ದಾಟಿದ್ದನಂತೆ. ಕಬಡ್ಡಿ ಕಬಡ್ಡಿ ಅನ್ನುತ್ತಾ ಹೋದವನು ಅಲ್ಲೇ ಕುಸಿದನಂತೆ. ತುಟಿ ನೀಲಿಯಾಗಿತ್ತಂತೆ. ಆ ಮಕ್ಕಳೇ ಎತ್ತಿ ಆಟೋಗೆ ಹಾಕಿ ಆಸ್ಪತ್ರೆಗೆ ಸೇರಿಸಿದ್ದರು.

ಅಲ್ಲಿ ಬೆರಳಿಗೆ ಕ್ಲಿಪ್ಪು ಹಾಕಿದಾಗ ಬಂದದ್ದು ಎಪ್ಪತ್ತೊಂದು.

ಮೈಸೂರಿನಲ್ಲಿ ಐಸಿಯು ಹೊರಗೆ ಡಾಕ್ಟರು ಆ ಪುಸ್ತಕ ಹಿಡಿದುಕೊಂಡು ಬಂದರು. ಇದನ್ನು ಹೇಗೆ ಬರೆದಿರಿ ಎಂದು ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಮೂರು ಅವಕಾಶ, ಫೌಲು, ಜಗಲಿ, ಅಂಗೈ ಉಜ್ಜುವುದು, ಎಲ್ಲ. ಅವರು ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು.

"ಅಮ್ಮಾ, ಮೂರರಲ್ಲಿ ಕಡಿಮೆ ಬಂದದ್ದು ಯಾವುದೋ ಅದೇ ನನಗೆ ಬೇಕಾಗಿತ್ತು" ಅಂದರು.

ಆಕ್ಸಿಜನ್ ಮೊದಲೇ ಶುರುಮಾಡಿದ್ದರೆ ಕಾಯಿಲೆ ವಾಸಿಯೇನೂ ಆಗುತ್ತಿರಲಿಲ್ಲ, ಆದರೆ ಹೃದಯಕ್ಕೆ ಇಷ್ಟು ಭಾರ ಬೀಳುತ್ತಿರಲಿಲ್ಲ ಎಂದೂ ಹೇಳಿದರು. ಅವರು ಮುಚ್ಚಿಡದೆ ಹೇಳಿದ್ದಕ್ಕೆ ಇವತ್ತಿಗೂ ಅವರ ಮೇಲೆ ನನಗೆ ಗೌರವ.

ನನ್ನ ಮೇಲೆ ನನಗೆ ಬಂದ ಸಿಟ್ಟು ಬೇರೆ. ನಾನು ನೇಯುವವಳು. ಸಾವಿರಾರು ಎಳೆ ಚೆನ್ನಾಗಿದ್ದು ಒಂದು ಎಳೆ ತುಂಡಾಗಿದ್ದರೂ ಸೀರೆಯ ಬೆಲೆ ಆ ತುಂಡಾದ ಎಳೆಯಿಂದಲೇ ನಿರ್ಧಾರವಾಗುವುದು. ನಲವತ್ತು ವರ್ಷ ಕೆಟ್ಟ ಎಳೆ ಹುಡುಕಿ ಗಂಟು ಹಾಕಿದ ಕೈ ಇದು. ಅದೇ ಕೈಯಲ್ಲಿ ಮೂರು ತಿಂಗಳು ಒಳ್ಳೆಯದನ್ನಷ್ಟೇ ಆರಿಸಿ ಬರೆದೆ. ಅಣ್ಣನ ಉಸಿರು ಕಡಿಮೆಯಾಗುವುದನ್ನು ಬರೆಯಲು ನನಗೂ ಇಷ್ಟವಿರಲಿಲ್ಲ, ಸತ್ಯ ಅಷ್ಟೇ.

ಅವನನ್ನು ಮನೆಗೆ ಕರೆತಂದ ಮೇಲೆ ಕೇಳಿಯೇಬಿಟ್ಟೆ. "ಮಕ್ಳು ಗೆರೆ ತುಳುದ್ರೆ ಬುಡ್ತಿದ್ಯಾ ಅಣ್ಣ? ನೀನ್ಯಾಕಿಂಗ್ ಮಾಡ್ದೆ?"

"ಕಾಡಿಗೆ ಓಗ್ಬೇಕಿತ್ತು ಕಣಮ್ಮಿ" ಅಂದ.

ಅಷ್ಟು ಹೇಳುವುದಕ್ಕೆ ಅವನು ಎರಡು ಸಲ ಉಸಿರು ತೆಗೆದುಕೊಂಡ. ನಾನು ಎದ್ದು ಅಡುಗೆಮನೆಗೆ ಹೋಗಿ ಅತ್ತೆ.

ಮಗ್ಗದ ಪಕ್ಕ ಆಕ್ಸಿಜನ್ ಮಿಷನ್ ಬಂತು. ಹಗಲೂ ರಾತ್ರಿ ಗುರ್ರನೆ ಅದರ ಸದ್ದು. ಕರೆಂಟು ಹೋದರೆ ಸಿಲಿಂಡರ್. ಮೂಗಿನಿಂದ ಹೊರಟ ಪೈಪು ಅಡುಗೆಮನೆಯವರೆಗೆ, ಬಚ್ಚಲವರೆಗೆ, ಜಗಲಿಯವರೆಗೆ ಬರುವಷ್ಟು ಉದ್ದವಿತ್ತು. ಅಣ್ಣ ಜಗಲಿಗೆ ಮಾತ್ರ ಬರಲಿಲ್ಲ. ಬೀದಿಯವರು ನೋಡಬಾರದು, ಶಿಷ್ಯರಂತೂ ನೋಡಲೇಬಾರದು. ಯಾರಾದರೂ ಬಂದರೆ ಮಲಗಿದ್ದಾನೆ ಅನ್ನು ಎಂದು ನನಗೆ ಕಟ್ಟಪ್ಪಣೆ. ಕತ್ತಲ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಊಟ ಕಡಿಮೆಯಾಯಿತು. ಮಾತು ನಿಂತಿತು. ಕಾಯಿಲೆಗಿಂತ ಮೊದಲು ಈ ನಾಚಿಕೆಯೇ ಅವನನ್ನು ತಿಂದುಬಿಡುತ್ತದೆ ಎಂದು ನನಗೆ ಹೆದರಿಕೆಯಾಯಿತು.

ಚಂದ್ರಿಕಾ ಮಾತ್ರ ನನ್ನನ್ನು ನಂಬದೆ ಒಳಗೆ ನುಗ್ಗಿದಳು. ಮಾಂಬಳ್ಳಿಯವಳು. ಹನೂರಿನಲ್ಲಿ ಅಜ್ಜಿ ಮನೆಯಲ್ಲಿದ್ದು ಓದುವಾಗ ಅವನ ಟೀಮಿನಲ್ಲಿ ಆಡಿದವಳು, ಈಗ ಯಳಂದೂರು ಕಡೆ ಫಾರೆಸ್ಟ್ ಗಾರ್ಡ್. ಅವಳ ಬೂಟಿನ ಸದ್ದು ಕೇಳಿದ್ದೇ ಅಣ್ಣ ಪೈಪು ಕಿತ್ತು ದಿಂಬಿನ ಕೆಳಗೆ ತುರುಕಿದ. ಎದೆ ನೆಟ್ಟಗೆ ಮಾಡಿ ಕೂತ. ಏನಮ್ಮ ಚೆನ್ನಾಗಿದ್ದೀಯಾ ಎಂದು ತಲೆ ಆಡಿಸಿಯೇ ಕೇಳಿದ, ಬಾಯಿ ಬಿಟ್ಟರೆ ಏದುಸಿರು ಗೊತ್ತಾಗುತ್ತದಲ್ಲ. ಉಸಿರು ಕಟ್ಟಿ ಕೂತಿದ್ದ ಆ ಮನುಷ್ಯ, ಹಳೆಯ ಅಭ್ಯಾಸ. ಅವನ ತುಟಿ ನೀಲಿಯಾಗುತ್ತಾ ಬಂತು.

ಅವಳು ದಿಂಬಿನ ಕೆಳಗಿಂದ ಪೈಪು ತೆಗೆದು ಅವನ ಕೈಗೆ ಕೊಟ್ಟಳು. "ಆಕ್ಕಳಿ ಸಾ" ಅಂದಳು. ಅವನು ಹಾಕಿಕೊಂಡ. ಆಮೇಲೆ ಭಾನುವಾರ ಬೆಟ್ಟದ ಬುಡಕ್ಕೆ ಕರೆದುಕೊಂಡು ಹೋಗುತ್ತೇನೆ, ಹತ್ತುವುದಿಲ್ಲ, ಸಮತಟ್ಟಾದ ಜೀಪ್ ದಾರಿಯಲ್ಲಿ ಆದಷ್ಟು ನಡೆಯುವುದು ಎಂದು ನನಗೆ ಹೇಳಿ ಹೋದಳು. ಡಾಕ್ಟರಿಗೆ ಫೋನು ಮಾಡಿದೆ. ಅವರು ಸ್ವಲ್ಪ ಯೋಚಿಸಿ, ಸಿಲಿಂಡರ್ ತೆಗೆದುಕೊಂಡು ಹೋಗಿ ಅಂದರು.

ಭಾನುವಾರ ಅಲ್ಲಿಗೆ ಹೋಗಿ ನೋಡಿದರೆ ಮೂವತ್ತು ಜನ ನಿಂತಿದ್ದರು. ಕಾಲಕಾಲಕ್ಕೆ ಅವನ ಕೈಯಲ್ಲಿ ಕಲಿತು ಹೋದ ಮಕ್ಕಳು. ಪೊಲೀಸಿನಲ್ಲಿರುವವಳು, ಮುಳ್ಳೂರಿನಲ್ಲಿ ಟ್ರ್ಯಾಕ್ಟರ್ ಇಟ್ಟವನು, ಕಂಕುಳಲ್ಲಿ ಕೂಸು ಎತ್ತಿಕೊಂಡವಳು, ತಲೆ ನೆರೆತವರೂ ಇದ್ದರು. ಜೀಪಿನಿಂದ ಇಳಿದವನೇ ಅಣ್ಣ ತಲೆ ತಗ್ಗಿಸಿ, ಮೂಗಿನ ಪೈಪನ್ನು ಟವಲಿನಲ್ಲಿ ಮರೆಮಾಡಿಕೊಂಡು ಎಲ್ಲರ ಹಿಂದೆ ಹೋಗಿ ನಿಂತ. ಅವನು ಯಾವತ್ತೂ ಕೊನೆಯಲ್ಲಿ ನಡೆಯುತ್ತಿದ್ದನಂತೆ, ಯಾರೂ ಹಿಂದೆ ಉಳಿಯದ ಹಾಗೆ.

ಚಂದ್ರಿಕಾ ಸಿಲಿಂಡರಿನ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಅವನ ಹತ್ತಿರ ಬಂದಳು.

"ಇಂದೆ ಅಲ್ಲ ಸಾ, ಮುಂದೆ ಬನ್ನಿ. ನಿದಾನುಕ್ಕೆ ನಡ್ಯೋರು ಮುಂದೆ, ಅವ್ರ ಎಜ್ಜೆನೇ ಎಲ್ಲಾರ್ ಎಜ್ಜೆ. ನೀವೇ ಏಳ್ಕೊಟ್ಟಿದ್ದು."

ನನಗೆ ಆವರೆಗೆ ಇದು ಗೊತ್ತೇ ಇರಲಿಲ್ಲ. ಕಾಡಿಗೆ ಹೋಗುವಾಗ ಅವನು ಎಲ್ಲಕ್ಕಿಂತ ನಿಧಾನದ ಮಗುವನ್ನು ಹುಡುಕಿ ಎಲ್ಲರ ಮುಂದೆ ನಿಲ್ಲಿಸುತ್ತಿದ್ದನಂತೆ. ಎಷ್ಟೇ ಗಟ್ಟಿಗರಾಗಲಿ, ಆ ಮಗುವನ್ನು ದಾಟಿ ಹೋಗುವ ಹಾಗಿಲ್ಲ. ಪಕ್ಕದಲ್ಲಿದ್ದ ಪೊಲೀಸಿನವಳು, ನಾನೇ ಮೂರು ವರ್ಷ ಮುಂದೆ ನಡೆದಿದ್ದೆ ಆಂಟಿ, ಆಗ ದಪ್ಪಗಿದ್ದೆ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಗೆಲ್ಲುವುದೊಂದೇ ಇವನಿಗೆ ಗೊತ್ತಿರುವುದು ಎಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಒಂದೇ ಮನೆಯಲ್ಲಿ ಉಂಡು ಬೆಳೆದ ಅಣ್ಣನನ್ನು ಅವತ್ತು ಹೊಸದಾಗಿ ನೋಡಿದ ಹಾಗಾಯಿತು.

ಅವನು ನಿಂತೇ ಇದ್ದ. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಟವಲು ತೆಗೆದು ನನ್ನ ಕೈಗೆ ಕೊಟ್ಟ. ಸಾಲಿನ ಪಕ್ಕದಲ್ಲೇ ಒಬ್ಬೊಬ್ಬರ ಮುಖ ನೋಡುತ್ತಾ ನಡೆದು ಬಂದು ಮುಂದೆ ನಿಂತ.

ಹತ್ತು ಹೆಜ್ಜೆ ಇಡುವನು, ನಿಲ್ಲುವನು. ಹಿಂದೆ ಮೂವತ್ತು ಜನ ನಿಲ್ಲುವರು. ಮತ್ತೆ ಹತ್ತು ಹೆಜ್ಜೆ. ಒಂದು ಬೂಟೂ ಮುಂದೆ ಸರಿಯಲಿಲ್ಲ, ಒಬ್ಬರೂ ಕೆಮ್ಮಲಿಲ್ಲ. ಒಂದು ಸಲ ಕೈ ಎತ್ತಿ ಬಿದಿರು ಮೆಳೆ ತೋರಿಸಿದ, ಎಲ್ಲರೂ ಆ ಕಡೆ ನೋಡಿದರು, ಹಕ್ಕಿ ಯಾವುದೆಂದು ನನಗೆ ಕಾಣಲಿಲ್ಲ. ಇನ್ನೂರು ಮೀಟರಿಗೆ ಅರ್ಧ ಗಂಟೆ ಹಿಡಿದಿರಬಹುದು. ಅಷ್ಟು ಜನ ತಮ್ಮ ಕಾಲಿನ ಶಕ್ತಿಯನ್ನೆಲ್ಲ ಹಿಡಿದಿಟ್ಟುಕೊಂಡು ಒಬ್ಬ ಮನುಷ್ಯನ ಉಸಿರಿನ ಹಿಂದೆ ನಡೆಯುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

"ಸಾಕು. ಕುಂತ್ಕತೀನಿ" ಅಂದ ಅಣ್ಣ.

ಅವನ ಬಾಯಲ್ಲಿ ಸಾಕು ಅನ್ನುವ ಮಾತು ನಾನು ಕೇಳಿದ್ದು ಅದೇ ಮೊದಲು. ಅವನು ದಾರಿ ಪಕ್ಕದ ಕಲ್ಲಿನ ಮೇಲೆ ಕೂತ. ಮೂವತ್ತು ಜನವೂ ಧೂಳಿನಲ್ಲಿ ಕೂತರು. ಯಾರೋ ಚಿತ್ರಾನ್ನದ ಡಬ್ಬಿ ಬಿಚ್ಚಿದರು. ಅವನು ಎರಡು ಸಲ ಹಾಕಿಸಿಕೊಂಡು ತಿಂದ.

ಮಾರನೆಯ ಬೆಳಿಗ್ಗೆ ನಾನು ಮಗ್ಗಕ್ಕೆ ಕೂರುವ ಹೊತ್ತಿಗೆ ಅವನೇ ಕುರ್ಚಿ ಎಳೆದುಕೊಂಡು ಜಗಲಿಗೆ ಹೋಗಿ ಕೂತಿದ್ದ. ಮೂಗಿನಲ್ಲಿ ಪೈಪು, ಇಡೀ ಬೀದಿಯ ಎದುರಿಗೆ. ಸೈಕಲ್ ನಿಲ್ಲಿಸಿದ ಹಳೆಯ ಶಿಷ್ಯನೊಬ್ಬ ಹೇಗಿದ್ದೀರಿ ಸಾ ಎಂದು ಕೇಳುವುದು ಒಳಗೆ ನನಗೆ ಕೇಳಿಸಿತು.

"ನಿದಾನ್ವಾಗಿವ್ನಿ ಕಣಪ್ಪ" ಅಂದ ಅಣ್ಣ.

ಹಾಗೆ ನಲವತ್ತು ದಿನ ಇದ್ದ. ಬಂದವರನ್ನೆಲ್ಲ ಮಾತಾಡಿಸಿದ, ಹೊಟ್ಟೆ ತುಂಬ ಉಂಡ, ಒಂದು ಮಧ್ಯಾಹ್ನ ಮಲಗಿದವನು ಏಳಲಿಲ್ಲ. ಅವನು ಹೋಗಿ ಈಗ ಮೂರು ತಿಂಗಳಾಯಿತು. ಆ ಪುಸ್ತಕದಲ್ಲಿ ಒಳ್ಳೆಯದನ್ನಷ್ಟೇ ಬರೆದು ಅವನ ಆಯಸ್ಸಿನಿಂದ ನಾನು ಕಳೆದುಬಿಟ್ಟ ದಿನಗಳು ಎಷ್ಟೋ ನನಗೆ ಗೊತ್ತಿಲ್ಲ. ಜಗಲಿಯ ಮೇಲಿನ ಆ ನಲವತ್ತು ದಿನ ಮಾತ್ರ ನನಗೆ ಪೂರ್ತಿ ಸಿಕ್ಕಿದವು.