ಮೊದಲ ರೊಟ್ಟಿ ಪಾಸಾದರೆ

ಆ ಸೋಮವಾರ ಬಸವಲಿಂಗಪ್ಪನವರು ಒಲೆ ಪಕ್ಕ ನಿಂತೇ ಮೊದಲ ರೊಟ್ಟಿಯ ಅಂಚು ಮುರಿದು ಬಾಯಿಗಿಟ್ಟರು.

"ಹಿಟ್ಟಿಗೆ ಜಿಗಿ ಬಂದಿಲ್ಲ ಅನಸೂಯಾ. ನೀರು ಕುದ್ದಿಲ್ಲ."

ಹೆಂಡತಿ ಅನಸೂಯ ಇನ್ನಷ್ಟು ಕುದಿನೀರು ಹಾಕಿ ನಾದಿದಳು. ಎರಡನೆಯದಕ್ಕೆ "ಪಾಸ್" ಅಂದರು. ಮೂರು ತಿಂದರು. ಕೋಟು ಹಾಕುತ್ತಾ, "ಏಪ್ರಿಲ್ ಪೂರಾ ರಜಾ ಬರದು ಕೊಟ್ಟೀನಿ. ಈ ಸಲ ಖರೇನ," ಅಂದರು.

"ಹೂಂ. ನಿಮ್ಮ ಏಪ್ರಿಲ್ ಯಾವ ಕ್ಯಾಲೆಂಡರ್‌ದಾಗ ಐತೋ ಏನೋ."

ನಕ್ಕು ಸೈಕಲ್ ಹತ್ತಿ ಹೋದರು. ಎದುರುಗಾಳಿ ಇತ್ತು.

ಅವಳ ಚುಚ್ಚುಮಾತಿಗೆ ಕಾರಣವಿತ್ತು. ಪರದೇಶದ ಹೂಫ್‌ಡಾರ್ಪ್ ಊರಿನಲ್ಲಿ ಅವರು ಕೆಲಸ ಮಾಡುತ್ತಿದ್ದ ಕಂಪನಿ ವಿಮಾನದ ಸರಕಿನ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತಿತ್ತು. ಮೂರು ತಿಂಗಳು ಎಲ್ಲರೂ ಬರೆದದ್ದನ್ನು ಒಮ್ಮೆಗೇ ಹೊರಗೆ ಬಿಡುತ್ತಿದ್ದರು. ಬಿಟ್ಟಾಗಲೆಲ್ಲ ಏನೋ ಮುರಿಯುತ್ತಿತ್ತು. ಮುರಿದದ್ದು ಎಲ್ಲಿ ಅಂತ ಇವರೊಬ್ಬರಿಗೇ ತಿಳಿಯುತ್ತಿತ್ತು. ಮೈದುನನ ಮಗಳ ಲಗ್ನದಲ್ಲಿ ಅಕ್ಕಿಕಾಳು ಬೀಳುವಾಗ ಇವರು ಛತ್ರದ ಹಿಂದೆ ಫೋನ್ ಹಿಡಿದು ನಿಂತಿದ್ದರು. ಅಕ್ಕಿಕಾಳು ಅವಳೊಬ್ಬಳೇ ಹಾಕಿದಳು.

ಅದಾದ ಮೇಲೇ ಅವರು ಕಂಟಿನ್ಯುವಸ್ ಡೆಲಿವರಿ ಅಂತ ಹಿಡಿದದ್ದು: ಬರೆದದ್ದನ್ನು ಕೂಡಿಡದೆ, ಚೂರುಚೂರಾಗಿ ದಿನಕ್ಕೆ ಹತ್ತು ಸಲ ಹೊರಗೆ ಬಿಡುವುದು.

"ದಿನಾ ಹತ್ತು ಡೆಲಿವರಿ ಅಂದ್ರ ಬಾಣಂತನ ಯಾರ್ ಮಾಡ್ತಾರ್ರೀ?" ಅಂದಿದ್ದಳು ಅನಸೂಯ.

ಬಿಕ್ಕಳಿಕೆ ಬರುವಷ್ಟು ನಕ್ಕರು. "ಅಯ್ಯ ಹುಚ್ಚಿ, ನೀ ಮಾಡೂದ ಅದ. ಐವತ್ತು ರೊಟ್ಟಿ ಬಡದು ಆಮ್ಯಾಲ ರುಚಿ ನೋಡ್ತಿಯೇನು? ಒಂದು ಬೇಯಿಸ್ತಿ, ನೋಡ್ತಿ, ಬಿಸಿ ಇದ್ದಾಗ ತಾಟಿಗೆ ಹಾಕ್ತಿ. ಕೆಟ್ರ ಒಂದ ಕೆಡ್ತದ."

ಅದನ್ನೇ ಆಫೀಸಿನಲ್ಲೂ ಹೇಳಿದರಂತೆ. ಬ್ರೆಡ್ ತಿನ್ನುವ ಜನ ತಲೆ ಆಡಿಸಿದರು, ಮಾಡಲಿಲ್ಲ. ತಾವು ಬರೆದದ್ದನ್ನು ಉಪ್ಪಿನಕಾಯಿ ಭರಣಿಯ ಹಾಗೆ ಮುಚ್ಚಿಟ್ಟುಕೊಳ್ಳುವವರೇ ಎಲ್ಲ. ತಪ್ಪು ಯಾರದು ಅಂತ ಕೇಳಬೇಡಿ, ಎಲ್ಲಿದೆ ಅಂತ ಕೇಳಿ ಎಂದು ಎರಡು ವರ್ಷ ಅವರ ಬೆನ್ನು ಹತ್ತಿದರು. ಪರೀಕ್ಷೆ ಮಾಡುವ ಕೆಲಸ ಯಂತ್ರಕ್ಕೆ ಕೊಟ್ಟರು. ತಮಗೆ ಗೊತ್ತಿದ್ದದ್ದನ್ನೆಲ್ಲ ಎಲ್ಲರಿಗೂ ಕಲಿಸಿದರು.

"ನಾ ಇಲ್ಲದಿದ್ರೂ ನಡೀಬೇಕು ಅದು. ಆಮ್ಯಾಲ ನಿನ್ನ ಜೋಡಿ ಒಂದು ತಿಂಗಳು," ಅನ್ನುತ್ತಿದ್ದರು. ಆ ತಿಂಗಳಿಗಾಗಿ ಅವಳು ಆ ಎರಡು ವರ್ಷವನ್ನೂ ಬಿಟ್ಟುಕೊಟ್ಟಳು.

ಆ ಸೋಮವಾರದ ಮರುದಿನ ಬೆಳಿಗ್ಗೆ ಆಫೀಸಿನ ಮುಂದೆ ಸೈಕಲ್‌ಗೆ ಬೀಗ ಹಾಕುತ್ತಾ ಬಿದ್ದರು. ಹೃದಯಾಘಾತ. ಆಂಬ್ಯುಲೆನ್ಸ್ ಬರುವ ಮೊದಲೇ ಮುಗಿದಿತ್ತು.

ಹತ್ತು ದಿನ ಕಳೆದು ಆಫೀಸಿನ ಮ್ಯಾನೇಜರ್ ಹೆಂಗಸು ಬಿಳಿ ಹೂ ಹಿಡಿದು ಮನೆಗೆ ಬಂದಳು. ಜೊತೆಗೆ ಮೈಸೂರಿನ ಚರಣ್, ಬಸವಲಿಂಗಪ್ಪನವರ ಕೈಕೆಳಗೆ ಕೆಲಸ ಕಲಿತವನು. ಆಕೆ ಹೇಳಿದ್ದನ್ನು ಅವನು ಕನ್ನಡದಲ್ಲಿ ಹೇಳಿದ.

"ಆಂಟಿ, ಸರ್ ಹೋದ ದಿನಾನೂ ಹನ್ನೊಂದು ಸಲ ರಿಲೀಸ್ ಆಯ್ತು. ಒಂದೂ ನಿಲ್ಲಲಿಲ್ಲ. ಅದು ಅವರ ದೊಡ್ಡ ಸಾಧನೆ ಅಂತಿದಾರೆ."

ಅನಸೂಯ ಹೂ ಮೇಜಿನ ಮೇಲಿಟ್ಟಳು.

"ಒಂದು ತಾಸೂ ನಿಲ್ಲಿಸಲಿಲ್ಲೇನಪಾ?"

ಏನಂದರು ಅಂತ ಮ್ಯಾನೇಜರ್ ಚರಣ್‌ನನ್ನು ಕೇಳಿದಳು.

"ಶೀ ಸೇಸ್ ಥ್ಯಾಂಕ್ಸ್," ಅಂದ ಅವನು ಇಂಗ್ಲಿಷಿನಲ್ಲಿ. ಅಷ್ಟು ಇಂಗ್ಲಿಷ್ ಅನಸೂಯಳಿಗೂ ಬರುತ್ತಿತ್ತು.

ಏಪ್ರಿಲ್ ಬಂತು, ಹೋಯಿತು. ಅವರಿಲ್ಲದೆ ಆಫೀಸು ನಡೆಯಿತು. ನಡೆಯುವ ಹಾಗೆ ಮಾಡಿಟ್ಟವರೂ ಅವರೇ. ಅವಳ ಮನೆ ನಡೆಯುವ ಹಾಗೆ ಯಾರೂ ಏನೂ ಮಾಡಿಟ್ಟಿರಲಿಲ್ಲ.

ಈಗಲೂ ಆರೂವರೆಗೆ ನೀರು ಕುದಿಯಲು ಇಡುತ್ತಾಳೆ. ಅವಳೊಬ್ಬಳಿಗೆ ಒಂದೂವರೆ ರೊಟ್ಟಿ ಸಾಕು. ಮೊದಲನೆಯದನ್ನು ಬೇಯಿಸಿ, ಅಂಚು ಮುರಿದು, ನಿಂತೇ ತಿಂದು ನೋಡುತ್ತಾಳೆ. ಜಿಗಿ ಸರಿ ಇದ್ದರೆ ಎರಡನೆಯದು ಬಡಿಯುತ್ತಾಳೆ. ಇಲ್ಲದಿದ್ದರೆ ಇನ್ನಷ್ಟು ಕುದಿನೀರು ಹಾಕಿ ಮತ್ತೆ ನಾದುತ್ತಾಳೆ.