ಔಡಲೆಣ್ಣೆ ಹಚ್ಚಿದ ಭಾಷಣ

ಮಾಣಿಕಪ್ಪ ವಕೀಲರ ಜಯಂತಿಯ ದಿನ ಮುಖ್ಯ ಅತಿಥಿಗಳ ಬಿಳಿ ಅಂಗಿ ಕೆಟ್ಟಿದ್ದು ಕಸ್ತೂರಿಬಾಯಿಯವರಿಂದ. ಆದರೆ ತಪ್ಪು ಪೂರ್ತಿ ಅವರದೇ ಎನ್ನುವ ಹಾಗಿಲ್ಲ. ಕಲಬುರಗಿಯ ಆ ಸಭಾಂಗಣದಲ್ಲಿ ಎಂಬತ್ಮೂರರ ಅಜ್ಜಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ವಕೀಲರ ಕಾಗದಪತ್ರ ಜೋಪಾನ ಮಾಡಿದ ಮಹಾತಾಯಿ ಎಂದು ಹೊಗಳಿದರು. ಮರಳಿ ಏನೂ ಕೊಡದೆ ತೆಗೆದುಕೊಂಡು ಅಭ್ಯಾಸವಿಲ್ಲದ ಕಸ್ತೂರಿಬಾಯಿ ಕೈಚೀಲದಿಂದ ವಕೀಲರ ಕೈಬರಹದ ಒಂದು ಹಾಳೆ ತೆಗೆದು ಅತಿಥಿಗಳಿಗೆ ಕೊಟ್ಟರು. ಅತಿಥಿಗಳು ಭಾವುಕರಾದರು. ಹಾಳೆಯನ್ನು ಎದೆಗೊತ್ತಿಕೊಂಡು ಹತ್ತು ನಿಮಿಷ ಮಾತಾಡಿ, ವಕೀಲರು ತಮ್ಮ ಹೃದಯದ ಮೇಲೆ ಅಚ್ಚೊತ್ತಿದ್ದಾರೆ ಎಂದು ಮುಗಿಸಿದರು. ಹಾಳೆ ಕೆಳಗಿಳಿಸಿದಾಗ ಅಚ್ಚು ನಿಜವಾಗಿಯೂ ಇತ್ತು. ಇಸ್ತ್ರಿ ಮಾಡಿದ ಅಂಗಿಯ ಮೇಲೆ, ನಾಲ್ಕೂ ಮೂಲೆ ಸರಿಯಾಗಿ, ಎಣ್ಣೆಯ ಒಂದು ಚೌಕ.

ಮೈಕು ಮುಂದೆಯೇ ಇದೆ ಎಂಬುದನ್ನು ಮರೆತ ಕಸ್ತೂರಿಬಾಯಿ, "ಜ್ವಾಳದ ಹಿಟ್ಟು ಉದುರಿಸಿ ತಿಕ್ಕಿಸ್ರಿ ಸಾಹೇಬ್ರ. ಔಡಲೆಣ್ಣಿ ಅದ, ಬರೇ ನೀರಿಗಿ ಹೋಗಂಗಿಲ್ಲ" ಎಂದರು.

ಎಲ್ಲರೂ ನಕ್ಕರು. ಮೂರನೇ ಸಾಲಿನಲ್ಲಿ ಕೂತ ಸೌಂದರ್ಯಾ ನಗಲಿಲ್ಲ. ಅತಿಥಿಗಳು ಗಾಬರಿಯಲ್ಲಿ ಹಾಳೆಯನ್ನು ಮೇಲೆತ್ತಿ ಹಿಡಿದಿದ್ದರು. ವೇದಿಕೆಯ ದೀಪ ಅದರ ಮೂಲಕ ಹಾದು ಬರುತ್ತಿತ್ತು. ಹಾಳೆಯ ಎರಡೂ ಬದಿಯ ಅಕ್ಷರಗಳು ಒಟ್ಟಿಗೆ ಕಾಣುತ್ತಿದ್ದವು. ವಕೀಲರ ಮೇಲೆ ಬೆಳಕು ಚೆಲ್ಲುವುದಾಗಿ ಯೂನಿವರ್ಸಿಟಿಗೆ ಬರೆದುಕೊಟ್ಟು ಆರು ವರ್ಷವಾಗಿತ್ತು ಅವಳಿಗೆ. ಬೆಳಕು ಬಿದ್ದದ್ದು ಅದೇ ಮೊದಲು.

ಮಾಣಿಕಪ್ಪ ವಕೀಲರು ನಿಜಾಮರ ಕಾಲ ಮುಗಿದ ಮೇಲೆ ಹೈದರಾಬಾದಿನಲ್ಲಿ ಕೆಲವು ವರ್ಷ ಮಂತ್ರಿಯಾಗಿದ್ದವರು. ಅವರ ಭಾಷಣ, ಪತ್ರ, ಟಿಪ್ಪಣಿಗಳ ಎರಡು ದಪ್ಪ ಸಂಪುಟ ಅಚ್ಚಾಗಿವೆ. ಅದರಲ್ಲಿ ಎಲ್ಲರ ಬಾಯಲ್ಲೂ ಇರುವ ಸಾಲೆಂದರೆ ಐವತ್ನಾಲ್ಕರಲ್ಲಿ ಕಮಲಾಪುರದಲ್ಲಿ ಮಾಡಿದ ಭಾಷಣದ್ದು: "ಹೆಣ್ಣುಮಕ್ಕಳ ಹೊಸ ಶಾಲೆ ಕಮಲಾಪುರದಲ್ಲಿಯೇ ಆಗತಕ್ಕದ್ದು." ದೊಡ್ಡ ಊರು ಬಿಟ್ಟು ಸಣ್ಣ ಊರಿಗೆ ಶಾಲೆ ಕೊಟ್ಟ ಆ ಒಂದು ಸಾಲಿನ ಮೇಲೆ ಸೌಂದರ್ಯಾ ತನ್ನ ಪ್ರಬಂಧದ ನಾಲ್ಕನೇ ಅಧ್ಯಾಯ ಕಟ್ಟಿದ್ದಳು. ವಕೀಲರಿಗೆ ಮೊದಲಿನಿಂದಲೂ ಹಳ್ಳಿಯದೇ ಚಿಂತೆ ಎಂಬುದು ಅವಳ ವಾದ. ಅದೇ ದಿನ ಸಂಜೆ ಗುಲಬರ್ಗಾದಲ್ಲಿ ನಡೆಯಬೇಕಿದ್ದ ಅವರ ಸಭೆ "ಅನಿವಾರ್ಯ ಕಾರಣಗಳಿಂದ" ರದ್ದಾಗಿತ್ತೆಂದು ಒಂದು ಹಳೆಯ ಪತ್ರಿಕೆಯಲ್ಲಿ ಸಿಕ್ಕಿತ್ತು. ಆ ಎರಡು ಶಬ್ದಗಳ ಹಿಂದಿನ ರಾಜಕಾರಣದ ಬಗ್ಗೆಯೇ ಅವಳು ಹದಿಮೂರು ಪುಟ ಬರೆದಿದ್ದಳು.

ಇಲ್ಲದ್ದೆಂದರೆ ಮೂಲ ಪ್ರತಿ. ಭಾಷಣವನ್ನು ಉದ್ಧರಿಸಿದ ಮೂವರು ವಿದ್ವಾಂಸರಲ್ಲಿ ಮೊದಲನೆಯವರು ಎರಡನೆಯವರನ್ನು ನೋಡಿ ಎಂದಿದ್ದರು, ಎರಡನೆಯವರು ಮೂರನೆಯವರನ್ನು. ಮೂರನೆಯವರು ಕೈಮುಗಿದು ಮೊದಲನೆಯವರ ಉಪಕಾರ ಸ್ಮರಿಸಿದ್ದರು. ವಕೀಲರ ಬಂಗಲೆ ಮಾರಾಟವಾದಾಗ ಕಾಗದಗಳೆಲ್ಲ ರದ್ದಿಗೆ ಹೋದವೆಂದು ತಿಳಿದು ಸೌಂದರ್ಯಾ ರದ್ದಿ ಅಂಗಡಿಯ ಗುಫ್ರಾನ್ ಹತ್ತಿರವೂ ಹೋಗಿದ್ದಳು. ಅವನು ತಲೆ ಕೆರೆದುಕೊಂಡು, ಅದು ಅಬ್ಬಾನ ಕಾಲದ ಮಾಲು ಎಂದ. "ವಕೀಲರ ವಿಚಾರ ಮನಿಮನಿ ಮುಟ್ಯಾವ ನೋಡ್ರಿ ಮೇಡಮ್. ಭಜಿ ಕಟ್ಟಿ ಕೊಟ್ಟಾರ." ಮೂಲ, ಮೂಲ ಎಂದು ಗ್ರಂಥಾಲಯದ ಕಬ್ಬಿಣದ ಕುರ್ಚಿಯಲ್ಲಿ ಆರು ವರ್ಷ ಕೂತವಳಿಗೆ ಸಿಗಬಹುದಾದ ಮೂಲ ಒಂದೇ. ಅದಕ್ಕೆ ಔಷಧ ಬೇರೆ.

ಗೈಡ್ ಗುರುಪ್ರಸಾದ ಸರ್ ಸಜ್ಜನರು. ಆದರೂ ಹೇಳಬೇಕಾದದ್ದನ್ನು ಹೇಳಿದ್ದರು. "ಮೂಲ ಪ್ರತಿ ಇಲ್ಲ ಅಂದ್ರ ಆ ಅಧ್ಯಾಯ ಬರೇ ಕೇಳಿದ ಕತಿ ಆಗ್ತದವಾ. ನಾ ಸಹಿ ಮಾಡಂಗಿಲ್ಲ. ಈ ತಿಂಗಳು ಆಖರಿ." ತಿಂಗಳಲ್ಲಿ ಉಳಿದದ್ದು ಒಂಬತ್ತು ದಿನ. ಸಹಿ ಬೀಳದಿದ್ದರೆ ಆರು ವರ್ಷದ ಕೆಲಸವೂ ಗುಫ್ರಾನ್ ಅಂಗಡಿಯ ತಕ್ಕಡಿಗೇ.

ಜಯಂತಿಯ ಮರುದಿನ ಮುಂಜಾನೆಯೇ ಅವಳು ಕಸ್ತೂರಿಬಾಯಿಯವರ ಊರಿಗೆ ಬಸ್ಸು ಹತ್ತಿದಳು. ಕಾಗದ ಮುಟ್ಟಲು ಬಿಳಿ ಕೈಗವಸು, ಅಳೆಯಲು ಸ್ಕೇಲು, ನೋಡಲು ಭೂತಗನ್ನಡಿ. ಮಹಾಗಾಂವ ದಾಟಿ ಕಮಲಾಪುರದಲ್ಲಿ ಇಳಿದಾಗ ಬಸ್‌ಸ್ಟ್ಯಾಂಡಿನ ಎದುರು ಕೆಂಪು ಬಾಳೆಯ ಗೊನೆಗಳು ತೂಗುತ್ತಿದ್ದವು. ಆರು ಹಣ್ಣು ಕೊಂಡಳು.

ಕಸ್ತೂರಿಬಾಯಿಯವರ ಅಂಗಳದಲ್ಲಿ ಅವತ್ತು ತೊಗರಿ ಬೇಳೆಯ ಕೆಲಸ. ಸೊಸೆ ಭೀಮಬಾಯಿ ಧೋತರದ ಮೇಲೆ ಬೇಳೆ ಹರವಿ, ಅಂಗೈಗೆ ಔಡಲೆಣ್ಣೆ ಹಚ್ಚಿಕೊಂಡು ತಿಕ್ಕುತ್ತಿದ್ದಳು. ಎಣ್ಣೆ ತಿಂದ ಬೇಳೆಗೆ ವರ್ಷವಿಡೀ ನುಸಿ ಬರುವುದಿಲ್ಲ. ಕಾಗದಕ್ಕೆ ಎಣ್ಣೆ ಯಾಕೆಂದು ಸೌಂದರ್ಯಾ ಕೇಳುವ ಮುಂಚೆಯೇ ಉತ್ತರ ಕಣ್ಣೆದುರಿಗಿತ್ತು. ಕೇಳಿದ್ದಕ್ಕೆ ಕಸ್ತೂರಿಬಾಯಿ ಹೇಳಿದ್ದೂ ಅದನ್ನೇ. ಯಜಮಾನರು ತೀರಿಕೊಂಡ ವರ್ಷ ಕಾಗದದ ಟ್ರಂಕಿಗೆ ಗೆದ್ದಲು ಹತ್ತಿತ್ತು. ಅರ್ಧ ಟ್ರಂಕು ಮಣ್ಣಾಯಿತು. ಉಳಿದದ್ದಕ್ಕೆ ಅಂದಿನಿಂದ ಬೇಳೆಯ ಜೊತೆಗೇ ವರ್ಷಕ್ಕೊಂದು ಸಲ ಎಣ್ಣೆ, ನಡುನಡುವೆ ಬೇವಿನ ಎಲೆ.

"ನುಸಿಗಿ ಏನ್ ಗೊತ್ತವಾ, ಇದು ಬ್ಯಾಳಿ, ಇದು ಭಾಷಣ ಅಂತ" ಎಂದರು.

ಬಿಳಿ ಕೈಗವಸು ಮೊದಲ ಹಾಳೆಗೇ ಹಳದಿಯಾಯಿತು. ಸೌಂದರ್ಯಾ ಅದನ್ನು ಕಳಚಿಟ್ಟು, ಬರಿಗೈಯಲ್ಲಿ, ಭಜಿ ತಿಂದವಳಂತೆ ಬೆರಳು ಹೊಳೆಸಿಕೊಂಡು ಒಂದೊಂದೇ ಹಾಳೆ ಎತ್ತಿದಳು. ಎತ್ತುತ್ತ ಹೋದಂತೆ ಕಸ್ತೂರಿಬಾಯಿ ಹೇಳುತ್ತ ಹೋದರು. ಅವರ ಗಂಡ ನಾಗಣ್ಣ, ಮಾಣಿಕಪ್ಪ ವಕೀಲರ ಬರವಣಿಗೆಯವರು. ವಕೀಲರು ಬರೆದದ್ದನ್ನು ಶುದ್ಧ ಪ್ರತಿ ಮಾಡುವುದು, ಜೊತೆಗೆ ತಿರುಗುವುದು. ಮೂವತ್ತು ವರ್ಷ ತಿರುಗಿ ಅವರು ಮನೆಗೆ ತಂದದ್ದು ಈ ಟ್ರಂಕು, ಒಂದು ಶಾಯಿ ದವಾತು, ಮತ್ತು ಯಾರಾದರೂ ತಪ್ಪು ಬರೆದರೆ ಊಟ ಸೇರದ ಸ್ವಭಾವ. ಕಸ್ತೂರಿಬಾಯಿ ವಕೀಲರು ಕೊಟ್ಟ ಶಾಲೆಯಲ್ಲೇ ಏಳನೇ ಇಯತ್ತೆಯವರೆಗೆ ಓದಿದವರು. ಮೊದಲ ವರ್ಷದ ಹನ್ನೊಂದು ಹುಡುಗಿಯರಲ್ಲಿ ಒಬ್ಬರು. ಮುಂದೆ ಇಡೀ ಓಣಿಯ ಕಾರ್ಡು, ಕವರು, ಮನಿಯಾರ್ಡರಿನ ಮೂಲೆಯಲ್ಲಿ ಬರೆದ ಎರಡು ಸಾಲು, ಎಲ್ಲ ಓದಿ ಹೇಳುತ್ತಿದ್ದುದು ಅವರೇ. ಯಾರ ಮನೆಯ ಸುದ್ದಿ ಯಾರಿಗೂ ಹೇಳಲಿಲ್ಲ. ಸತ್ತ ಸುದ್ದಿ ಇದ್ದರೆ ಮೊದಲು ಚಹಾ ಕುಡಿಸಿ ಆಮೇಲೆ ಓದುತ್ತಿದ್ದರು. ಅವರು ಚಹಾಕ್ಕೆ ಕರೆದರೆ ಓಣಿಯ ಹೆಂಗಸರು ಹೆದರುತ್ತಿದ್ದರಂತೆ.

"ಈಗ ಕಾರ್ಡ ಬರಂಗಿಲ್ಲ. ಕರದರ ಎಲ್ಲಾರೂ ಬರ್ತಾರ" ಎಂದು ಭೀಮಬಾಯಿ ಅಂಗಳದಿಂದಲೇ ಸೇರಿಸಿದಳು.

ನಲವತ್ತನೆಯದೋ ನಲವತ್ತೊಂದನೆಯದೋ ಹಾಳೆಯಲ್ಲಿ ಅದು ಸಿಕ್ಕಿತು. ವಕೀಲರದೇ ಬಾಗಿದ ಅಕ್ಷರ, ಅವರದೇ ನೀಲಿ ಶಾಯಿ, ಐವತ್ನಾಲ್ಕರ ತಾರೀಖು. ಶಾಲೆಯ ಸಾಲಿನಲ್ಲಿ ಊರಿನ ಹೆಸರು ಬರುವಲ್ಲಿ ಮಾತ್ರ ಬೆರಳಗಲದ ಒಂದು ಚೀಟಿ ಅಂಟಿಸಿತ್ತು. ಅದನ್ನು ಕಂಡು ಕಸ್ತೂರಿಬಾಯಿಯವರ ಮುಖ ಸಣ್ಣ ಹುಡುಗಿಯದಾಯಿತು.

"ಇದು ನಮ್ಮ ಮನಿ ಅಂಬಲಿ" ಎಂದರು.

ಅವತ್ತು ಸಂತೆಯ ದಿನ. ಅವರಿಗೆ ಹದಿಮೂರು ವರ್ಷ. ನಾಗಣ್ಣ ಎಂಬ ಸಣಕಲು ಹುಡುಗ ಬಾಗಿಲಿಗೆ ಬಂದು, ಸಾಹೇಬರ ಕಾಗದಕ್ಕೆ ಅಂಟು ಬೇಕು, ಲಗೂ ಕೊಡ್ರಿ ಎಂದನಂತೆ. ಅಂಟು ಎಲ್ಲಿಂದ ತರುವುದು? ಅವ್ವ ಒಲೆಯ ಮೇಲಿನ ಜೋಳದ ಅಂಬಲಿಯನ್ನೇ ಒಂದು ಬಟ್ಟಲು ಕೊಟ್ಟು ಮಗಳ ಕೈಯಲ್ಲಿ ಕಳಿಸಿದಳು. ಬೇವಿನ ಮರದ ಕೆಳಗೆ ವಕೀಲರು ಚೀಟಿಗೆ ತಾವೇ ಬರೆದರು, ನಾಗಣ್ಣ ಅಂಟಿಸಿದ, ಉಳಿದ ಅಂಬಲಿಯನ್ನು ಕುಡಿದ. ಆರು ವರ್ಷದ ಮೇಲೆ ಅದೇ ಬಾಗಿಲಿಗೆ ಹೆಣ್ಣು ಕೇಳಲು ಬಂದ. ಅಂಟಿನ ನೆಪದಲ್ಲಿ ನಂಟಾದ ಕತೆಯನ್ನು ಹೇಳಿ ಕಸ್ತೂರಿಬಾಯಿ ಚೀಟಿಯ ಮೇಲೆ ಬೆರಳಾಡಿಸಿದರು. "ಎಪ್ಪತ್ತ ವರ್ಷಾತು. ಎಷ್ಟ್ ಗಟ್ಟಿ ಹಿಡದದ ನೋಡು" ಎಂದರು. ಚೀಟಿಯ ಮಾತೋ ನಾಗಣ್ಣನ ಮಾತೋ ತಿಳಿಯಲಿಲ್ಲ.

ಸೌಂದರ್ಯಾ ಹಾಳೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದಳು. ಎಣ್ಣೆ ಕುಡಿದ ಹಾಳೆಯಲ್ಲಿ ಚೀಟಿಯೂ ಗಾಜಿನಷ್ಟು ತಿಳಿಯಾಯಿತು. ಮೇಲೆ "ಕಮಲಾಪುರ". ಅದರ ಅಡಿಯಲ್ಲಿ, ಹೊಡೆದು ಹಾಕದೆ, ಸ್ವಚ್ಛವಾಗಿ, ಅದೇ ಕೈಯಲ್ಲಿ "ಗುಲಬರ್ಗಾ".

ವಕೀಲರಿಗೆ ಮೊದಲಿನಿಂದಲೂ ಹಳ್ಳಿಯದೇ ಚಿಂತೆ ಎಂದು ಬರೆದ ಅರುವತ್ತು ಪುಟ ಒಂದು ಬೆರಳಗಲದ ಚೀಟಿಯ ಕೆಳಗೆ ಮುಳುಗಿದವು. ಮರು ಉಸಿರಿಗೆ ಮತ್ತೆ ಎದ್ದವು. ಇದು ಅದಕ್ಕಿಂತ ದೊಡ್ಡದಲ್ಲವೇ? ಬೆಳಿಗ್ಗೆ ಗುಲಬರ್ಗಾ ಎಂದು ಬರೆದ ಮನುಷ್ಯ ಮಧ್ಯಾಹ್ನದೊಳಗೆ ಕಮಲಾಪುರ ಎಂದಿದ್ದಾನೆ. ಸಂಜೆಯ ಸಭೆಯನ್ನೇ ಬಿಟ್ಟುಕೊಟ್ಟಿದ್ದಾನೆ. ಒಬ್ಬ ಮುತ್ಸದ್ದಿಯ ಮನಃಪರಿವರ್ತನೆ. ಅದೂ ಕೈಬರಹದಲ್ಲಿ, ಅದಕ್ಕೆ ಸಾಕ್ಷಿಯಾದವರು ಜೀವಂತವಾಗಿ ಎದುರಿಗೆ ಕೂತಿರುವಾಗ. ಆ ಮಾತು ಅವರ ಬಾಯಿಂದ ಬಂದರೆ ಗುರುಪ್ರಸಾದ ಸರ್ ಎರಡು ಸಹಿ ಮಾಡುತ್ತಾರೆ.

ಎಣ್ಣೆಗೈಯನ್ನು ದುಪಟ್ಟಾಕ್ಕೆ ಒರೆಸಿ ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿದಳು. ಟ್ರಂಕಿನ ಮೇಲೆ ಅದನ್ನಿಟ್ಟು, ತಾರೀಖು, ಊರು, ಹೆಸರು ಎಲ್ಲ ಹೇಳಿ, ಗಂಟಲು ಸರಿಮಾಡಿಕೊಂಡಳು. "ಆಯಿ, ನೆನಪ ಮಾಡ್ಕೊಂಡು ಹೇಳ್ರಿ. ಅವತ್ತ ವಕೀಲರ ಮನಸ್ಸು ಬದಲಾಗಿದ್ದು ಯಾಕ?"

ಕಸ್ತೂರಿಬಾಯಿ ಕಿಟಕಿಯಾಚೆ ಹೈದರಾಬಾದಿನಿಂದ ಬರುವ ಹೆದ್ದಾರಿಯ ಕಡೆ ನೋಡಿದರು. ಹುಮನಾಬಾದಿನಿಂದ ಬಂದ ಒಂದು ಬಸ್ಸು ನಿಲ್ಲದೆ ಕಲಬುರಗಿಯ ಕಡೆ ಹೋಯಿತು. ಬೇಳೆ ತಿಕ್ಕುತ್ತಿದ್ದ ಭೀಮಬಾಯಿಯೂ ಕೈ ನಿಲ್ಲಿಸಿದಳು.

"ಮನಸ್ಸೆಲ್ಲಿ ಬದಲಾಗಿತ್ತವಾ" ಎಂದರು ಕಸ್ತೂರಿಬಾಯಿ. "ಜೀಪಿನ ಬೆಲ್ಟ್ ಹರದಿತ್ತು."