ಮಸಣವೋ, ಬಾಹೇರೋ

ನನ್ನ ಸಣ್ಣ ಮಗ ಮನೆ ಬಿಟ್ಟು ಎಂಟು ವರ್ಷವಾಗಿದ್ದ ಬೇಸಿಗೆಯಲ್ಲಿ ಇಬ್ಬರು ಮೊಮ್ಮಕ್ಕಳು ಕರೋಶಿಯ ನಮ್ಮ ಪಡಸಾಲೆಯಲ್ಲಿ ಕೂತು ಕಾರ್ಡಿನ ಆಟ ಆಡುತ್ತಿದ್ದರು. ಇಸ್ಪೀಟಲ್ಲ. ಒಂದೊಂದು ಕಾರ್ಡಿನ ಮೇಲೂ ಒಂದೊಂದು ರಾಕ್ಷಸನ ಚಿತ್ರ, ಕೆಳಗೆ ಇರುವೆ ಸಾಲಿನ ಹಾಗೆ ಇಂಗ್ಲಿಷು. ನನ್ನ ಮಗಳ ಮಗಳು ಮಹಾರಾಷ್ಟ್ರದ ಇಚಲಕರಂಜಿಯಿಂದ ರಜೆಗೆ ಬರುವಾಗ ಪಾಕೀಟುಗಟ್ಟಲೆ ತಂದಿದ್ದಳು. ಪಾಕೀಟು ಒಡೆಯುವ ತನಕ ಒಳಗೆ ಯಾವುದಿದೆ ಗೊತ್ತಾಗುವುದಿಲ್ಲ. ಒಂದೇ ಥರದ್ದು ಎರಡು ಬಂದರೆ ಇನ್ನೊಬ್ಬರಿಗೆ ಒಂದು ಕೊಟ್ಟು ಬೇರೆ ಈಸಿಕೊಳ್ಳಬೇಕು. ಅವಳ ಜೊತೆ ಆಡುತ್ತಿದ್ದವಳು ಆ ಸಣ್ಣ ಮಗನ ಮಗಳು, ನಮ್ಮ ಮನೆಯಲ್ಲೇ ಬೆಳೆದವಳು, ಹತ್ತು ವರ್ಷ.

ಮೊದಲನೇ ದಿನವೇ ಜಗಳ ಹಚ್ಚಿದರು. ಕೂದಲು ಹಿಡಿದರು. ಇಬ್ಬರಿಗೂ ಒಂದೊಂದು ಏಟು ಕೊಟ್ಟು ನಡುವೆ ಕೂತೆ.

"ಏನ್ ನ್ಯಾಯ ಐತಿ ನನ್ನ ಮುಂದ ಹೇಳ್ರಿ."

"ಆಯಿ, ನಿನಗ ತಿಳಿಯೂದಿಲ್ಲ. ಇಂಗ್ಲೀಷ್ ಐತಿ," ಅಂದಳು ನಮ್ಮ ಹುಡುಗಿ. ಅಜ್ಜಿಯಾದ ನನಗೆ ಅವಳು ಆಯಿ ಅನ್ನುತ್ತಿದ್ದಳು, ಇಚಲಕರಂಜಿಯವಳು ಆಜಿ.

"ಕೂದಲಾ ಏನ್ ಇಂಗ್ಲೀಷಿನಾಗ ಹಿಡದ್ರ್ಯಾ? ಹೇಳ ಬೇ."

ಹೇಳಿದರು. ಒಬ್ಬಳು ಒಂದು ಕಾರ್ಡಿಟ್ಟು 'ನಿನ್ನ ರಾಕ್ಷಸನ್ನ ಕೊಂದೆ' ಅನ್ನುತ್ತಾಳೆ. ಅದು ನಡೆಯುವ ಮೊದಲೇ ಇನ್ನೊಬ್ಬಳು ಅದರ ಮೇಲೆ ತನ್ನದೊಂದು ಇಟ್ಟು 'ಅವನನ್ನ ಬಚ್ಚಿಟ್ಟೆ' ಅನ್ನುತ್ತಾಳೆ. ಯಾವುದು ಮೊದಲು? ಮೇಲಿಟ್ಟದ್ದು ಮೊದಲು ಅಂತ ಆಟದ ಪುಸ್ತಕದಲ್ಲಿದೆಯಂತೆ. ಇದರಲ್ಲಿ ತಿಳಿಯದ್ದೇನು? ಕಡೆಗೆ ಬೆಂದ ರೊಟ್ಟಿ ಬುಟ್ಟಿಯಲ್ಲಿ ಮೇಲಿರುತ್ತದೆ, ಉಣ್ಣುವವನ ಕೈಗೆ ಅದೇ ಮೊದಲು ಬರುತ್ತದೆ. ಹಾಗೆ ಬಿಡಿಸಿ ಹೇಳಿದ ಮೇಲೆ ಇಬ್ಬರೂ ಪುಸ್ತಕ ಬಿಟ್ಟು ನನ್ನನ್ನೇ ಕೇಳತೊಡಗಿದರು. ಪಕ್ಕದ ಮನೆಯವಳು ಇಣುಕಿ, "ಯಾಕಬೇ, ಈ ವಯಸ್ಸಿನಾಗ ಜುಗಾರ ಕಲತಿ?" ಅಂತ ನಕ್ಕಳು. ನಗಲಿ ಅಂತ ಬಿಟ್ಟೆ.

ಸತ್ತ ಕಾರ್ಡುಗಳ ಗುಡ್ಡೆಗೆ ಮಸಣ ಅಂತ ಹೆಸರು. ಮರಾಠಿಯಲ್ಲೂ ಮಸಣ, ಕನ್ನಡದಲ್ಲೂ ಮಸಣ, ಆ ಒಂದು ಮಾತಿಗೆ ಜಗಳ ಬರಲಿಲ್ಲ. ಇನ್ನೊಂದು ಗುಡ್ಡೆ ಕಂಬದ ಬುಡದಲ್ಲಿತ್ತು. ಕೆಲವು ಕಾರ್ಡಿನ ಏಟಿಗೆ ರಾಕ್ಷಸ ಸಾಯುವುದಿಲ್ಲ, ಆಟದಿಂದಲೇ ಆಚೆ ಬೀಳುತ್ತಾನೆ. ಇಚಲಕರಂಜಿಯವಳು ಅದಕ್ಕೆ 'ಬಾಹೇರ್' ಅನ್ನುತ್ತಿದ್ದಳು, ಮರಾಠಿಯಲ್ಲಿ ಹೊರಗೆ ಅಂತ. ಅಲ್ಲಿ ಬಿದ್ದದ್ದು ಆಟದಲ್ಲೂ ಇಲ್ಲ, ಮಸಣದಲ್ಲೂ ಇಲ್ಲ. ಆ ಗುಡ್ಡೆಯ ಕಡೆ ನಾನು ಹೆಚ್ಚು ನೋಡುತ್ತಿರಲಿಲ್ಲ.

ನನ್ನ ಮಗ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಕಬ್ಬಿನ ಹಂಗಾಮು ಮುಗಿದ ಮೇಲೆ ಒಂದು ದಿನ, ಮಟಮಟ ಮಧ್ಯಾಹ್ನ, ಮಿರಜಿಗೆ ಹೋಗಿ ಒಂದು ಸಾಮಾನು ತರಬೇಕು ಅಂದ. ನಮ್ಮಲ್ಲಿ ಹೊರಡುವವರು ಹೋಗುತ್ತೇನೆ ಅನ್ನುವುದಿಲ್ಲ. "ಬರ್ತೀನಿ ಯವ್ವಾ" ಅಂದ. ಬರಲಿಲ್ಲ. ಮನೆಯಲ್ಲಿ ಜಗಳ ಆಗಿರಲಿಲ್ಲ, ಅವನಿಗೆ ಕುಡಿತ ಇರಲಿಲ್ಲ. ಮಿರಜಿನ ದವಾಖಾನೆ ನೋಡಿದೆವು, ಪಂಢರಪುರದಲ್ಲಿ ಹುಡುಕಿದೆವು, ಚಿಕ್ಕೋಡಿಯಲ್ಲಿ ಕಂಪ್ಲೇಂಟ್ ಬರೆಸಿದೆವು. ಹೆಣವೂ ಸಿಗಲಿಲ್ಲ, ಮನುಷ್ಯನೂ ಸಿಗಲಿಲ್ಲ. ಆದರೆ ಮಧ್ಯಾಹ್ನವಾಯಿತೆಂದರೆ ಅಂಗಳದಲ್ಲಿ ಸೈಕಲ್ಲಿನ ಸ್ಟ್ಯಾಂಡ್ ಒದ್ದ ಸಪ್ಪಳ ಆಗುತ್ತಿತ್ತು. ಅವನ ಸೈಕಲ್ ಮಾರಿ ಎಷ್ಟೋ ಕಾಲವಾಗಿತ್ತು. ನಾನೂ ಸೊಸೆಯೂ ಒಮ್ಮೆಗೇ ಬಾಗಿಲ ಕಡೆ ನೋಡುತ್ತಿದ್ದೆವು. ನೋಡಿ, ಮತ್ತೆ ಕೆಲಸ. ನಿಮಗೂ ಕೇಳಿತೇನು ಅಂತ ಅವಳು ಒಂದು ದಿನವೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಬೇಸಿಗೆ ಸೊಸೆಯ ಅಣ್ಣ ಪಾಲಬಾವಿಯಿಂದ ಬಂದು ಹೋಗಿದ್ದ. ಅಥಣಿ ಕಡೆ ಹೆಂಡತಿ ತೀರಿಕೊಂಡ ದ್ರಾಕ್ಷಿ ತೋಟದವನೊಬ್ಬ ಇದ್ದಾನೆ, ತಂಗಿಯನ್ನು ಉಡಿಕೆ ಮಾಡಿಕೊಳ್ಳುತ್ತಾನೆ, ಹುಡುಗಿಯನ್ನೂ ಇಟ್ಟುಕೊಳ್ಳುತ್ತಾನೆ ಅಂದ. ಉಡಿಕೆ ಅಂದರೆ ಗಂಡ ಸತ್ತವಳಿಗೆ ಮಾಡುವ ಎರಡನೇ ಲಗ್ನ. ಗಂಡ ಸತ್ತ ಅಂತ ಯಾರಾದರೂ ಹೇಳಬೇಕಲ್ಲ. ಹೆತ್ತವಳು ಹೇಳಿದರೆ ಸಾಕು ಅಂದಿದ್ದರಂತೆ ಹಿರಿಯರು. ಸೊಸೆಗೆ ಇನ್ನೂ ಮೂವತ್ತು ತುಂಬಿರಲಿಲ್ಲ. "ನೋಡೂಣ ತಗೋ" ಅಂದು ಅವನಿಗೆ ಚಹಾ ಕುಡಿಸಿ ಕಳಿಸಿದ್ದೆ.

ಅದೇ ವಾರ ಆಟದಲ್ಲಿ ಒಂದು ಗಂಟು ಬಿತ್ತು. ಇಚಲಕರಂಜಿಯವಳ ಹತ್ತಿರ ಜಡೆ ಬಿಚ್ಚಿಕೊಂಡ ಒಬ್ಬ ರಾಕ್ಷಸಿ ಇದ್ದಳು. ಆಕೆ ಹೋದರೆ ಎರಡು ಹೊಸ ಕಾರ್ಡು ಸಿಗುತ್ತವೆ ಅಂತ ಕೆಳಗೆ ಬರೆದಿದೆ ಅಂದಳು. ನಮ್ಮ ಹುಡುಗಿ ತನ್ನದೊಂದು ಕಾರ್ಡಿಟ್ಟು ಆ ರಾಕ್ಷಸಿಯನ್ನು ಬಾಹೇರ್ ತಳ್ಳಿದಳು.

"ಹೋತಲ್ಲ. ನನಗ ಎರಡು ಕೊಡ," ಅಂದಳು ಇಚಲಕರಂಜಿಯವಳು.

"ಎಲ್ಲಿ ಹೋತು? ಮಸಣಕ್ಕ ಹೋಗಿಲ್ಲ," ಅಂದಳು ನಮ್ಮವಳು.

"ಹೋದ್ರ ಅಂತ ಐತಿ. ಹೋತೋ ಇಲ್ಲೋ?"

"ತಡೀರಿ," ಅಂದೆ. "ಹೋದ್ರ ಅಂದ್ರ ಹೆಂಗ? ಎದ್ದು ಹೋದ್ರೋ, ಸತ್ತು ಹೋದ್ರೋ? ಇಂಗ್ಲೀಷಿನಾಗ ಏನೈತಿ ನೋಡ."

ಇಚಲಕರಂಜಿಯವಳು ಮತ್ತೆ ಓದಿ ಮುಖ ಸಣ್ಣದು ಮಾಡಿದಳು. "ಸತ್ರ ಅಂತ ಐತಿ, ಆಜಿ."

"ಹಂಗಾರ ಇಲ್ಲ. ಮಸಣಕ್ಕ ಹೋಗದಾಕಿ ಸತ್ತಂಗಲ್ಲ. ಸತ್ತ ಮ್ಯಾಲಿನ ಹಕ್ಕ ಈಗ ಕೇಳಬ್ಯಾಡ."

ಒಲೆಯ ಹತ್ತಿರ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ನಾನು ಆಡಿದ್ದು ಕಾರ್ಡಿನ ಮಾತು. ಸೊಸೆ ಕೇಳಿಸಿಕೊಂಡದ್ದು ತನ್ನದು. ಹಂಚಿನ ಮೇಲಿದ್ದ ರೊಟ್ಟಿ ಕರಿದಾಗಿ ಹೊಗೆ ಬಂದರೂ ತಿರುವಿ ಹಾಕಲಿಲ್ಲ. ಆಮೇಲೆ ನಾಲ್ಕು ದಿನ "ಹೂಂರಿ ಅತ್ತಿ", "ಇಲ್ರಿ ಅತ್ತಿ" ಬಿಟ್ಟರೆ ನನ್ನೊಡನೆ ಮಾತಿಲ್ಲ. ನಾನು ತಪ್ಪು ಹೇಳಿರಲಿಲ್ಲ, ಅದೇ ನನ್ನನ್ನು ಕೊರೆಯಿತು. ತಪ್ಪಾಗಿದ್ದರೆ ತಿದ್ದಬಹುದಿತ್ತು.

ಐದನೇ ದಿನ ಮತ್ತೆ ಆಡಿದರು. ನಮ್ಮ ಹುಡುಗಿ ಅದೇ ತಳ್ಳುವ ಕಾರ್ಡಿಟ್ಟಳು. ಈ ಸಲ ಇಚಲಕರಂಜಿಯವಳು ಸುಮ್ಮನಿರಲಿಲ್ಲ. ಅದರ ಮೇಲೆ ಇನ್ನೊಂದು ಕಾರ್ಡಿಟ್ಟು ತನ್ನ ರಾಕ್ಷಸಿಯನ್ನು ತಾನೇ ಕೊಂದಳು. ಮೇಲಿಟ್ಟದ್ದು ಮೊದಲು. ರಾಕ್ಷಸಿ ಆಗಲೇ ಮಸಣ ಸೇರಿದ್ದಳು, ಆಚೆ ತಳ್ಳುವುದಕ್ಕೆ ಅಲ್ಲಿ ಯಾರೂ ಉಳಿದಿರಲಿಲ್ಲ.

"ನಿಂದ ನೀನ ಕೊಂದೇನ ಬೇ, ಖೋಡಿ?" ಅಂದೆ.

"ಕೊಂದ್ರ ಬೇಷ, ಆಜಿ. ಎರಡು ಕಾರ್ಡು ಬಂದ್ವು. ಮತ್ತ, ಬಾಹೇರ್ ಹೋದದ್ದು ಎಂದೂ ಹೊಳ್ಳಿ ಬರೂದಿಲ್ಲ. ಮಸಣದಾಗಿದ್ರ ನಂದ ಇರ್ತೈತಿ. ಬೇಕಾದಾಗ ಕರೀತೀನಿ."

"ಸತ್ತದ್ದು ಬರತೈತಿ, ಹೊರಗ ಹೋದದ್ದು ಬರೂದಿಲ್ಲಾ?"

"ಹೂಂ. ರೂಲ್ ಹಂಗ ಐತಿ."

ನಮ್ಮ ಹುಡುಗಿ ತಲೆ ಎತ್ತದೆ ಕಾರ್ಡು ಜೋಡಿಸುತ್ತ, "ನಮ್ಮಪ್ಪ ಬಾಹೇರ್ ಅದಾನ, ಹೌದಲಾ ಆಯಿ?" ಅಂದಳು.

ಅಷ್ಟರಲ್ಲಿ ಅಂಗಳದಲ್ಲಿ ಆ ಸೈಕಲ್ ಸ್ಟ್ಯಾಂಡಿನ ಸಪ್ಪಳ ಆಯಿತು. ಒಲೆಯ ಮುಂದಿನಿಂದ ಸೊಸೆ ಬಾಗಿಲ ಕಡೆ ಹೊರಳಿದಳು. ಎಂಟು ವರ್ಷ ಆ ಕುತ್ತಿಗೆ ಹೀಗೇ ಹೊರಳಿತ್ತು. ಅದನ್ನು ಹಿಡಿದು ಹೊರಳಿಸುತ್ತಿದ್ದವಳು ನಾನೇ ಅಂತ ಅವತ್ತು ಕಂಡಿತು.

ಮರುದಿನ ರಾಯಬಾಗದ ಬಸ್ಸು ಹಿಡಿದು ಪಾಲಬಾವಿಗೆ ಹೋದೆ. ಸೊಸೆಯ ಅಣ್ಣನ ಮನೆಯಲ್ಲಿ ನಾಲ್ಕು ಮಂದಿ ಹಿರಿಯರನ್ನು ಕರೆಸಿದೆ.

"ನನ್ನ ಮಗ ಸತ್ತಾನ," ಅಂದೆ.

"ಯಾವಾಗ ಸುದ್ದಿ ಬಂತರಿ, ಅತ್ತೀ?" ಅಂದ ಸೊಸೆಯ ಅಣ್ಣ.

"ಸುದ್ದಿ ಬಂದಿಲ್ಲ. ನಾ ಹೇಳಾಕತ್ತೀನಿ. ಹಡದಾಕಿ ನಾ."

ಒಬ್ಬ ಮುದುಕ ಕೆಮ್ಮಿದ. "ಅಲ್ಲಬೇ ಯವ್ವಾ, ನಾಳೆ ಅಂವ ಬಂದು ಬಾಗಲಾಗ ನಿಂತ್ರ?"

"ನಿಂತ್ರ ನಾ ಉಣ್ಣಾಕ ನೀಡ್ತೀನಿ. ಆಕಿ ಯಾಕ ನೀಡಬೇಕು?"

ಹಿರಿಯರು ಹೂಂ ಅಂದರು.

ನಮ್ಮ ಹೊಲದಲ್ಲಿ, ಮಗನ ಅಪ್ಪನನ್ನು ಹೂಳಿದ ಕಡೆ, ಹೆಣದ ಬದಲು ಹಿಟ್ಟಿನ ಗೊಂಬೆ ಮಾಡಿ ಮಣ್ಣು ಮಾಡಿದೆವು. ಗೊಂಬೆಗೆ ಅವನ ಅಂಗಿ ಸುತ್ತಿದ್ದೆ. ತೋಳು ಉದ್ದವಾಗಿ ಕುಣಿಯಲ್ಲಿ ಹಿಡಿಸಲಿಲ್ಲ, ಮಡಚಿ ಒಳಗೆ ಹಾಕಿದೆ. ಯಾರೋ ಸೊಸೆಯ ಕುಂಕುಮ ಅಳಿಸುವ ಮಾತು ತೆಗೆದರು. "ತಿಂಗಳಿಗೆ ಮತ್ತ ಹಚ್ಚೂದನ್ನ ಯಾಕ ಅಳಸ್ತೀರಿ?" ಅಂದೆ. ಅಳಿಸಲಿಲ್ಲ. ಮಳೆ ಹಿಡಿಯುವ ಮೊದಲೇ ಉಡಿಕೆಯಾಯಿತು. ಮಗಳನ್ನು ಕರೆದುಕೊಂಡು ಹೊರಡುವಾಗ ಸೊಸೆ ನನ್ನ ಕಾಲಿಗೆ ಬಿದ್ದು, "ನನಗ ಇನ್ನೂ ಸಪ್ಪಳ ಕೇಳತೈತ್ರಿ, ಅತ್ತಿ" ಅಂದಳು. ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ಅವತ್ತೇ ಮೊದಲು.

"ಅದು ನನ್ನ ಮನೀ ಸಪ್ಪಳ. ನೀ ಹೊಂಟ ನಡಿ," ಅಂದೆ.

ಮೊದಲು ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಅವನ ಹಾಗೆ ಒಂದು ಹೆಗಲು ಇಳಿಬಿಟ್ಟು ನಡೆಯುವ ಗಂಡಸು ಕಂಡರೆ ಎದ್ದು ಓಡಿ ಮುಖ ನೋಡುತ್ತಿದ್ದೆ. ಬೈಸಿಕೊಂಡದ್ದೂ ಇದೆ. ಅಂಥವರು ಈಗಲೂ ಕಾಣುತ್ತಾರೆ. ಅಥಣಿಯಲ್ಲಿ ಸೊಸೆಗೆ ಇನ್ನೊಂದು ಕೂಸಾಗಿದೆ. ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಆ ಗಂಡಸು ದಾಟಿ ಹೋಗುವ ತನಕ ಅಲ್ಲಾಡದೆ ಕೂತಿರುತ್ತೇನೆ.